ಮೊದಲು ಫೈಲ್ ಎಲ್ಲಿದೆ ಹೇಳಿ, ಟೈಪಿಂಗ್ ಆಮೇಲೆ

ಆಫೀಸಿಗೆ ಹೊಸದಾಗಿ ಸೇರುವವರಿಗೆ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ಯಾರದ್ದಾದರೂ ಸಿಸ್ಟಮ್ ಕೈಕೊಟ್ಟರೆ ಹೋಗಿ ನೋಡುವುದೂ ನಾನೇ. ಹಾಗಾಗಿ ಕಲಿಸಿದ್ದು ಎಷ್ಟು ತಲೆಗೆ ಹೋಗಿದೆ ಅನ್ನೋದು ನನಗೆ ಬೇಗ ಗೊತ್ತಾಗುತ್ತದೆ. ಹೋಗದೇ ಇದ್ದದ್ದು ಮುಂದಿನ ವಾರ ಫೋನ್ ಕರೆಯಾಗಿ ವಾಪಸ್ ಬರುತ್ತದೆ.

ಆ ಕರೆಗಳಲ್ಲಿ ಜಾಸ್ತಿ ಕೇಳುವ ಮಾತು ಒಂದೇ. "ಸರ್, ನಿನ್ನೆ ಮಾಡಿದ ಫೈಲ್ ಕಾಣ್ತಾ ಇಲ್ಲ." ಟೈಪಿಂಗ್ ಬರಲ್ಲ ಅಂತ ಯಾರೂ ಫೋನ್ ಮಾಡುವುದಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿಯಾದರೂ ಕೆಲಸ ಮುಗಿಸುತ್ತಾರೆ. ಮುಗಿಸಿದ ಕೆಲಸ ಎಲ್ಲಿ ಹೋಗಿ ಕೂತಿದೆ ಅನ್ನೋದೇ ಗೊತ್ತಿರುವುದಿಲ್ಲ.

ಬೇಸಿಕ್ ಕಂಪ್ಯೂಟರ್ ಪಾಠ ಅಂದರೆ ಸಿಪಿಯು ಅಂದರೇನು, ಇನ್‌ಪುಟ್ ಸಾಧನಗಳು ಯಾವುವು, ಮೌಸ್ ಕಂಡುಹಿಡಿದವರು ಯಾರು ಅಂತ ಶುರು ಮಾಡುವ ರೂಢಿ ಇದೆ. ಡಗ್ಲಾಸ್ ಎಂಗೆಲ್‌ಬರ್ಟ್ 1968ರಲ್ಲಿ ಸಭೆ ತುಂಬ ಜನರ ಮುಂದೆ ಮೌಸ್ ಆಡಿಸಿ ತೋರಿಸಿದ ಕಥೆ ನನಗೂ ಇಷ್ಟ. ಆದರೆ ಸಂಜೆಯೊಳಗೆ ರಿಪೋರ್ಟ್ ಕಳಿಸಬೇಕಾದವರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ನನ್ನ ಮೊದಲ ಪಾಠ ಫೈಲ್ ಮತ್ತು ಫೋಲ್ಡರ್. ಉಳಿದದ್ದೆಲ್ಲ ಅದರ ಹಿಂದೆ.

ಹೊಸಬರು ಅಂದರೆ ವಯಸ್ಸಾದವರು ಮಾತ್ರ ಅಂದುಕೊಳ್ಳಬೇಡಿ. ಫೋನ್ ಹಿಡಿದೇ ಬೆಳೆದ ಹುಡುಗ ಹುಡುಗಿಯರಿಗೆ ಈ ವಿಷಯ ಇನ್ನೂ ಕಷ್ಟ. ಫೋನಿನಲ್ಲಿ ಫೋಟೋ ಬೇಕಾದರೆ ಗ್ಯಾಲರಿ, ಹಾಡು ಬೇಕಾದರೆ ಹಾಡಿನ ಆಪ್. ಯಾವ ಫೋಲ್ಡರ್ ಅಂತ ಕೇಳುವ ಪ್ರಸಂಗವೇ ಬರುವುದಿಲ್ಲ. ಬರೆದ ನೋಟ್ ತನ್ನಷ್ಟಕ್ಕೆ ಸೇವ್ ಆಗಿರುತ್ತದೆ. ಹಿರಿಯರು ಹಾಗಲ್ಲ. ಬೀರು, ಅದರೊಳಗೆ ಖಾನೆ, ಖಾನೆಯೊಳಗೆ ಕಾಗದದ ಕಟ್ಟು ಅಂದರೆ ಸಾಕು, ಫೋಲ್ಡರ್ ಒಳಗೆ ಫೋಲ್ಡರ್ ಇರುವುದು ಅವರಿಗೆ ಕೂಡಲೇ ಹೊಳೆಯುತ್ತದೆ. ಮೌಸ್ ಮಾತ್ರ ಅವರ ಮಾತು ಕೇಳಲ್ಲ.

ಪಾಠ ಹೀಗಿರುತ್ತದೆ. ವಿಂಡೋಸ್ ಕೀ ಹಿಡಿದು ಇ ಒತ್ತಿದರೆ ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ. ಡಾಕ್ಯುಮೆಂಟ್ಸ್ ಒಳಗೆ ತಮ್ಮ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಬೇಕು. ನೋಟ್‌ಪ್ಯಾಡ್‌ನಲ್ಲಿ ಒಂದೇ ಸಾಲು ಬರೆದು ಅಲ್ಲಿ ಸೇವ್ ಮಾಡಬೇಕು. ಎಲ್ಲವನ್ನೂ ಮುಚ್ಚಿ, ಮತ್ತೆ ಹುಡುಕಿ ತೆರೆಯಬೇಕು. ಆಮೇಲೆ ಸೇವ್ ಆ್ಯಸ್ ಕೊಟ್ಟು ಅದನ್ನೇ ಬೇರೆ ಹೆಸರಿನಲ್ಲಿ, ಬೇರೆ ಜಾಗದಲ್ಲಿ ಇಡಬೇಕು. ಈಗ ಎರಡೂ ಎಲ್ಲಿವೆ ತೋರಿಸಿ ಅಂತೀನಿ. ಅರ್ಧ ಜನ ಇಲ್ಲೇ ತಡವರಿಸುತ್ತಾರೆ. ಯಾಕೆ ಅಂದರೆ ಸೇವ್ ಕಿಟಕಿ ಬಂದಾಗ ಎಲ್ಲರ ಕಣ್ಣೂ ಕೆಳಗಿನ ಹೆಸರಿನ ಡಬ್ಬಿಗೇ ಹೋಗುತ್ತದೆ. ಮೇಲೆ ಯಾವ ಫೋಲ್ಡರ್ ಅಂತ ಬರೆದಿರುವುದನ್ನು ಯಾರೂ ಓದುವುದಿಲ್ಲ. ಅದಕ್ಕೇ ಸೇವ್ ಒತ್ತುವ ಮುಂಚೆ ಆ ಸಾಲನ್ನು ಜೋರಾಗಿ ಓದಿಸುತ್ತೇನೆ. ಸ್ವಲ್ಪ ಶಾಲೆಯ ಥರ ಆಗುತ್ತದೆ, ನಗುತ್ತಾರೆ, ಆದರೆ ಅಭ್ಯಾಸ ಉಳಿಯುತ್ತದೆ.

ರ‍್ಯಾಮ್ ಅಂದರೇನು ಅಂತ ಹೇಳುವುದೂ ಈಗಲೇ. ಈಗ ಅದಕ್ಕೊಂದು ಅರ್ಥ ಇದೆ. ನೀವು ಟೈಪ್ ಮಾಡುತ್ತಿರುವುದು ಸೇವ್ ಮಾಡುವ ತನಕ ಇರುವುದು ರ‍್ಯಾಮ್‌ನಲ್ಲಿ. ಕರೆಂಟ್ ಹೋದರೆ ಅದು ಖಾಲಿ. ಸೇವ್ ಮಾಡಿದರೆ ಡಿಸ್ಕಿಗೆ ಹೋಗುತ್ತದೆ, ಅಲ್ಲಿ ಉಳಿಯುತ್ತದೆ. ವರ್ಡ್ ತನ್ನಷ್ಟಕ್ಕೆ ಒಂದು ನಕಲು ಇಟ್ಟುಕೊಳ್ಳುತ್ತದೆ ನಿಜ, ಆದರೆ ಸೆಟ್ಟಿಂಗ್ ಬದಲಿಸದಿದ್ದರೆ 10 ನಿಮಿಷಕ್ಕೊಮ್ಮೆ. ಆ ನಡುವಿನ ಕೆಲಸ ಹೋದರೆ ಹೋಯ್ತು. ಇಷ್ಟು ಹೇಳಿದ ಮೇಲೆ ಕಂಟ್ರೋಲ್ ಎಸ್ ಒತ್ತಿ ಅಂತ ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ.

ಡೌನ್‌ಲೋಡ್ಸ್ ಫೋಲ್ಡರ್ ಒಂದು ದೊಡ್ಡ ತಲೆನೋವು. ಮೇಲ್‌ನಲ್ಲಿ ಬಂದ ಅರ್ಜಿ ಫಾರಂ ಒತ್ತುತ್ತಾರೆ. ಏನೂ ಆಗಲಿಲ್ಲ ಅನ್ನಿಸುತ್ತದೆ, ಮತ್ತೆ ಒತ್ತುತ್ತಾರೆ, ಇನ್ನೊಮ್ಮೆ ಒತ್ತುತ್ತಾರೆ. ಪ್ರತಿ ಸಲವೂ ಅದು ಇಳಿದಿದೆ. ಫೋಲ್ಡರ್ ತೆರೆದರೆ "ಫಾರಂ", "ಫಾರಂ (1)", "ಫಾರಂ (2)" ಅಂತ ಮೂರು. ತುಂಬಿದ್ದು ಎರಡನೆಯದನ್ನು, ಕಳಿಸಿದ್ದು ಮೊದಲನೆಯದನ್ನು. ಆ ಕಡೆಯವರು "ಖಾಲಿ ಫಾರಂ ಬಂದಿದೆ" ಅಂತಾರೆ, ಈ ಕಡೆಯವರು "ನಾನು ತುಂಬಿದ್ದೀನಿ, ಕಣ್ಣಾರೆ ನೋಡಿದ್ದೀನಿ" ಅಂತಾರೆ. ಇಬ್ಬರದೂ ಸತ್ಯ! ಅದಕ್ಕೇ ಇಳಿಸಿದ ಕೂಡಲೇ ಫೈಲನ್ನು ತಮ್ಮ ಫೋಲ್ಡರಿಗೆ ಸಾಗಿಸಿ, ಎಫ್2 ಒತ್ತಿ ಹೆಸರು ಬದಲಿಸಿ, ಆಮೇಲೆ ಕೈ ಹಾಕುವ ಅಭ್ಯಾಸ ಮಾಡಿಸುತ್ತೇನೆ.

ಹೆಸರಿನ ವಿಷಯ ಬಂದಾಗ ಇನ್ನೊಂದು ತೊಡಕು. ಫೈಲಿಗೆ ತಾರೀಕು ಹಾಕಿ ಅಂದರೆ ಎಲ್ಲರೂ 05/03/2024 ಅಂತ ಬರೆಯುತ್ತಾರೆ. ವಿಂಡೋಸ್ ಆ ಓರೆ ಗೆರೆಯನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ಪ್ರಶ್ನೆ ಗುರುತು, ನಕ್ಷತ್ರದ ಗುರುತು, ಕೋಲನ್ ಕೂಡ ಆಗಲ್ಲ. 2024-03-05 ಅಂತ ವರ್ಷ ಮೊದಲು ಬರೆಯಿರಿ. ಹೆಸರಿನ ಪ್ರಕಾರ ಜೋಡಿಸಿದರೂ ಫೈಲುಗಳು ತಾರೀಕಿನ ಕ್ರಮದಲ್ಲೇ ಕೂರುತ್ತವೆ. "ಫೈನಲ್", "ಫೈನಲ್ ಹೊಸದು", "ಇದೇ ಫೈನಲ್" ಅಂತ ಇಟ್ಟವರ ಪಾಡು ನಾನು ಹೇಳಬೇಕಾಗಿಲ್ಲ ಅಲ್ವಾ.

ಶಾರ್ಟ್‌ಕಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆ ಅಂದರೆ ಇದರಲ್ಲಿ ಮರ್ಯಾದೆ ಹೋಗುವ ಸಂಭವ ಇದೆ. ಒಬ್ಬ ಮೇಡಂ ಮೀಟಿಂಗ್‌ಗೆ ಅಂತ ಸ್ಲೈಡ್ ತಯಾರಿಸಿ, ಡೆಸ್ಕ್‌ಟಾಪ್‌ನಿಂದ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಹೋದರು. ಅಲ್ಲಿನ ಸಿಸ್ಟಮ್‌ಗೆ ಹಾಕಿದರೆ ತೆರೆಯಲೇ ಇಲ್ಲ. ವೈರಸ್ ಇರಬೇಕು ಅಂತ ಎಲ್ಲರೂ ತೀರ್ಮಾನಿಸಿಬಿಟ್ಟರು. ಪೆನ್‌ಡ್ರೈವ್ ನನ್ನ ಹತ್ತಿರ ಬಂದಾಗ ನೋಡಿದೆ. ಐಕಾನಿನ ಎಡಗಡೆ ಕೆಳಮೂಲೆಯಲ್ಲಿ ಪುಟ್ಟ ಬಾಣ. ಗಾತ್ರ ಬರೀ 2 ಕೆಬಿ. ಅಷ್ಟು ಚಿತ್ರಗಳಿರುವ ಸ್ಲೈಡ್ 2 ಕೆಬಿಯಲ್ಲಿ ಹೇಗೆ ಹಿಡಿಯುತ್ತದೆ? ಅವರು ಒಯ್ದಿದ್ದು ಶಾರ್ಟ್‌ಕಟ್, ಅಂದರೆ ಫೈಲ್ ಎಲ್ಲಿದೆ ಅನ್ನುವ ವಿಳಾಸವನ್ನು ಮಾತ್ರ. ಫೈಲು ಅವರ ಮೇಜಿನ ಸಿಸ್ಟಮ್‌ನಲ್ಲೇ ಆರಾಮಾಗಿ ಇತ್ತು. ಆವತ್ತಿನಿಂದ ಬಾಣದ ಗುರುತು ಮತ್ತು ಗಾತ್ರ, ಎರಡನ್ನೂ ನೋಡಿ ಕಾಪಿ ಮಾಡಿ ಅಂತ ಪಾಠಕ್ಕೆ ಸೇರಿಸಿದೆ. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಹೋಗಿಬಿಡುತ್ತದೆ ಅನ್ನೋದನ್ನೂ ಇದರ ಜೊತೆಗೇ ಹೇಳುತ್ತೇನೆ.

ಫೈಲ್ ಹೆಸರಿನ ಬಾಲವನ್ನು, ಅಂದರೆ ಅದು ಯಾವ ಬಗೆಯ ಫೈಲ್ ಅಂತ ಹೇಳುವ ಎಕ್ಸ್‌ಟೆನ್ಷನ್ ಅನ್ನು, ವಿಂಡೋಸ್ ಮುಚ್ಚಿಡುತ್ತದೆ. ಇದು ನನಗೆ ಒಪ್ಪಿಗೆಯಾಗದ ವಿಷಯ. "ಬಿಲ್.ಪಿಡಿಎಫ್.ಇಎಕ್ಸ್‌ಇ" ಅಂತ ಇದ್ದರೆ ಕೊನೆಯ ತುಂಡು ಕಾಣದೆ "ಬಿಲ್.ಪಿಡಿಎಫ್" ಅಂತ ಮಾತ್ರ ಕಾಣುತ್ತದೆ. ಪಾಪ, ಬಿಲ್ಲು ಅಂದುಕೊಂಡು ಒತ್ತಿದವರು ಯಾವುದೋ ಪ್ರೋಗ್ರಾಂ ಓಡಿಸಿರುತ್ತಾರೆ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನೋದಕ್ಕೆ ಟಿಕ್ ಹಾಕಿಸುವುದು ನನ್ನ ಮೊದಲ ದಿನದ ಕೆಲಸ.

ಇನ್ನು ಭಯ. ಮುಚ್ಚುವಾಗ ಒಂದು ಪುಟ್ಟ ಕಿಟಕಿ ಬರುತ್ತದೆ: ಸೇವ್, ಡೋಂಟ್ ಸೇವ್, ಕ್ಯಾನ್ಸಲ್. ಹೊಸಬರು ಅದನ್ನು ಓದುವುದಿಲ್ಲ, ಬೈಗುಳ ಬಂದ ಹಾಗೆ ನೋಡಿ ಬೇಗ ಓಡಿಸಲು ಯಾವುದೋ ಒಂದನ್ನು ಒತ್ತುತ್ತಾರೆ. ನಾನು ಹೇಳುವುದು ಇಷ್ಟೇ: ಗೊತ್ತಾಗದಿದ್ದರೆ ಕ್ಯಾನ್ಸಲ್. ಏನೂ ಆಗಲ್ಲ, ಇದ್ದಲ್ಲಿಗೇ ವಾಪಸ್ ಬರುತ್ತೀರಿ. ಏನಾದರೂ ಎಡವಟ್ಟಾದರೆ ಕಂಟ್ರೋಲ್ ಝಡ್. ಬೇಕಂತಲೇ ಒಂದು ಪ್ಯಾರಾ ಪೂರ್ತಿ ಅಳಿಸಿಸಿ ಅದನ್ನು ವಾಪಸ್ ತರಿಸುತ್ತೇನೆ. ಒಂದು ಸಲ ವಾಪಸ್ ಬಂದಿದ್ದನ್ನು ನೋಡಿದ ಮೇಲೆ ಕೈ ನಡುಗುವುದು ಕಮ್ಮಿಯಾಗುತ್ತದೆ. ಝಡ್, ಎಕ್ಸ್, ಸಿ, ವಿ ನಾಲ್ಕೂ ಕೆಳಸಾಲಿನಲ್ಲಿ ಒಂದರ ಪಕ್ಕ ಒಂದಿವೆ. ರದ್ದು, ಕಟ್, ಕಾಪಿ, ಪೇಸ್ಟ್. ಎಡಗೈಯೊಂದೇ ಸಾಕು.

ಮೌಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಬಲ್ ಕ್ಲಿಕ್ ಮಾಡುವಾಗ ಕೈ ಅಲುಗಿ ಐಕಾನ್ ಬೇರೆಡೆ ಜಾರುವವರಿಗೆ ಒಂದೇ ಕ್ಲಿಕ್ ಮಾಡಿ ಎಂಟರ್ ಒತ್ತಿ ಅಂತೀನಿ, ಅದೇ ಕೆಲಸ ಆಗುತ್ತದೆ. ಎಳೆದು ಬಿಡುವುದು ಬರದವರಿಗೆ ಸಾಲಿಟೇರ್ ಆಡಿಸುತ್ತೇನೆ. 1990ರಲ್ಲಿ ವಿಂಡೋಸ್ 3.0 ಜೊತೆ ಬಂದಾಗಿನಿಂದ ಆ ಇಸ್ಪೀಟು ಎಷ್ಟೋ ಕೈಗಳನ್ನು ಪಳಗಿಸಿದೆ. ಆಫೀಸಿನಲ್ಲಿ ಕೂತು ಇಸ್ಪೀಟು ಆಡಿ ಅಂತ ಹೇಳುವ ಸುಖ ನನ್ನ ಕೆಲಸದಲ್ಲಿ ಮಾತ್ರ ಸಿಗುವುದು. ಆದರೆ ಯಾರ ಕೈಯಿಂದಲೂ ಮೌಸ್ ಕಿತ್ತುಕೊಳ್ಳುವುದಿಲ್ಲ. ನಾನು ಮಾಡಿ ತೋರಿಸಿದರೆ ಕಲಿಯುವುದು ನಾನೇ.

ಕೊನೆಗೊಂದು ಪರೀಕ್ಷೆ. ಎಲ್ಲರಿಗೂ ಮೇಲ್‌ನಲ್ಲಿ ಒಂದು ಫೈಲ್ ಕಳಿಸುತ್ತೇನೆ. ಇಳಿಸಿ, ತಮ್ಮ ಫೋಲ್ಡರಿಗೆ ಸಾಗಿಸಿ, ಹೆಸರು ಬದಲಿಸಿ, ಒಂದು ಸಾಲು ತಿದ್ದಿ, ಸೇವ್ ಮಾಡಿ ನನಗೆ ವಾಪಸ್ ಕಳಿಸಬೇಕು. ತಿದ್ದದೆ ಇರುವ ಮೂಲ ಫೈಲೇ ವಾಪಸ್ ಬಂದರೆ ಡೌನ್‌ಲೋಡ್ಸ್ ಪಾಠ ಇನ್ನೊಮ್ಮೆ. ಸರಿಯಾಗಿ ಬಂದವರಿಗೆ ಮಾರನೇ ದಿನದಿಂದ ಟೈಪಿಂಗ್. ಎಫ್ ಮತ್ತು ಜೆ ಕೀಗಳ ಮೇಲೆ ಒಂದೊಂದು ಸಣ್ಣ ಉಬ್ಬುಗೆರೆ ಇರುತ್ತದೆ. ಕೀಬೋರ್ಡ್ ನೋಡದೆ ಅದನ್ನು ತಡವಿ, ಎರಡೂ ತೋರುಬೆರಳು ಅಲ್ಲಿಡುವುದರಿಂದ ಶುರು.