ಉಬ್ಬು ಹತ್ತಿದರೆ ಮೂತಿ ತಿರುಗಿಸುವ ಕಾರು

ಮೊದಲ ಶನಿವಾರ

ಒಂದೇ ತಿಂಗಳಲ್ಲಿ ಮೂರನೆಯ ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದಿದ್ದೇನೆ. ಯಂತ್ರ ಮುದ್ರಿಸಿಕೊಟ್ಟ ಹಾಳೆಯಲ್ಲಿ ಎಲ್ಲ ಅಂಕಿಗಳೂ ಹಸಿರು. ರಸ್ತೆಗಿಳಿದರೆ ಮತ್ತದೇ ಹಟ: ಎಡಚಕ್ರ ಉಬ್ಬು ಹತ್ತಿದರೆ ಕಾರಿನ ಮೂತಿ ಎಡಕ್ಕೆ, ಬಲಚಕ್ರ ಹತ್ತಿದರೆ ಬಲಕ್ಕೆ. ಸ್ಟೀರಿಂಗ್ ಕದಲದಂತೆ ಹಿಡಿದುಕೊಂಡಿದ್ದರೂ ಹಾಗೆಯೇ.

ತಪ್ಪು ಯಂತ್ರದ್ದಲ್ಲ. ಅದು ಅಳೆಯುವುದು ನಿಂತ ಕಾರನ್ನು. ನನ್ನ ಕಾರಿನ ಕಾಯಿಲೆ ಚಕ್ರ ಮೇಲೆ ಕೆಳಗೆ ಆಡುವಾಗ ಮಾತ್ರ ಹೊರಬೀಳುವಂಥದ್ದು; ಹೆಸರು ಬಂಪ್ ಸ್ಟಿಯರ್. ಅದನ್ನು ತಂದುಕೊಂಡವನೂ ನಾನೇ. 1960ರ ದಶಕದ ಈ ಸೆಡಾನ್‌ನ ಮುಂಭಾಗವನ್ನು ಹೋದ ವರ್ಷ 40 ಮಿ.ಮೀ. ತಗ್ಗಿಸಿದೆ. ಸವೆದು ಸಡಿಲವಾಗಿದ್ದ ಸ್ಟೀರಿಂಗ್ ಬಾಕ್ಸ್ ಕಿತ್ತು, ಬೇರೊಂದು ಕಾರಿನ ರ್ಯಾಕ್ (ಸ್ಟೀರಿಂಗ್ ತಿರುಗಿಸಿದಂತೆ ಎಡಬಲಕ್ಕೆ ಸರಿಯುವ ಹಲ್ಲಿನ ಸಲಾಕೆ) ಕೂರಿಸಿದೆ. ಎಂಜಿನ್ನಿನ ತಳದ ಎಣ್ಣೆತೊಟ್ಟಿ, ಅಂದರೆ ಆಯಿಲ್ ಸಂಪ್, ಅಡ್ಡ ಬಂದಿದ್ದರಿಂದ, ರ್ಯಾಕ್ ಎಲ್ಲಿ ಹಿಡಿಸಿತೋ ಅಲ್ಲಿಗೇ ಬ್ರಾಕೆಟ್ ಬೆಸೆದೆ. ಜಾಗ ಸಿಕ್ಕಿದ್ದೇ ಅಂದು ದೊಡ್ಡ ಗೆಲುವೆನಿಸಿತ್ತು.

ಚಕ್ರ ಮೇಲೇರುವಾಗ, ಅದನ್ನು ಹಿಡಿದಿರುವ ಮೇಲಿನ ಆರ್ಮ್, ಕೆಳಗಿನ ಆರ್ಮ್, ರ್ಯಾಕ್‌ನಿಂದ ಚಕ್ರದ ಕಡೆಗೆ ಹೋಗುವ ಟೈ ರಾಡ್ ಮೂರೂ ತಮ್ಮ ತಮ್ಮ ಒಳಕೀಲಿನ ಸುತ್ತ ಕಂಸ ಬರೆಯುತ್ತವೆ. ಟೈ ರಾಡ್‌ನ ಕಂಸ ಉಳಿದೆರಡಕ್ಕೆ ಹೊಂದಿಕೊಂಡರೆ ಚಕ್ರ ನೆಟ್ಟಗೇ ಏರಿಳಿಯುತ್ತದೆ. ಹೊಂದದಿದ್ದರೆ ಟೈ ರಾಡ್, ಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಆರ್ಮನ್ನು ಎಳೆಯುತ್ತದೆ ಇಲ್ಲವೇ ದೂಡುತ್ತದೆ. ಚಾಲಕನನ್ನು ಕೇಳದೆ ಚಕ್ರ ತಿರುಗುತ್ತದೆ. ಕಾರಿನ ಮುಂದೆ ನಿಂತು ನೋಡಿ, ಎರಡೂ ಆರ್ಮ್‌ಗಳ ಗೆರೆಗಳನ್ನು ಮನಸ್ಸಿನಲ್ಲೇ ಉದ್ದಕ್ಕೆ ಎಳೆದರೆ ಅವು ಒಂದು ಬಿಂದುವಿನಲ್ಲಿ ಕೂಡುತ್ತವೆ. ಟೈ ರಾಡ್‌ನ ಗೆರೆಯೂ ಅದೇ ಬಿಂದುವಿನ ಕಡೆಗೆ ಹೋಗಬೇಕು. ಬ್ರಾಕೆಟ್ ಬೆಸೆದ ದಿನ ನನಗೆ ಈ ಬಿಂದುವಿನ ನೆನಪೇ ಇರಲಿಲ್ಲ.

ಭಾನುವಾರ

ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಹಾಕಿ ಅದನ್ನು ಕಳಚಿದೆ. (ಅದಿಲ್ಲದೆ ಕೈಹಾಕುವವರಿಗೆ ಬೆರಳುಗಳ ಮೇಲೆ ಆಸೆಯಿಲ್ಲವೆಂದೇ ಅರ್ಥ.) ಚಕ್ರದ ಜಾಗದಲ್ಲಿ ಹಬ್‌ಗೆ ಸಪಾಟಾದ ಅಲ್ಯೂಮಿನಿಯಂ ಹಲಗೆ ಬಿಗಿದೆ. 300 ಮಿ.ಮೀ. ಅಂತರದಲ್ಲಿ ಮುಂದೊಂದು ಹಿಂದೊಂದು ಡಯಲ್ ಗೇಜ್ ಅದಕ್ಕೆ ತಾಗಿಸಿದೆ. ಸ್ಟೀರಿಂಗನ್ನು ನಡುವಿಗೆ ಕಟ್ಟಿಹಾಕಿ, ಕೆಳಗಿನ ಆರ್ಮನ್ನು ಜ್ಯಾಕ್‌ನಿಂದ ಹತ್ತು ಹತ್ತು ಮಿ.ಮೀ. ಎತ್ತುತ್ತ, ಇಳಿಸುತ್ತ ಪ್ರತಿ ಹಂತದಲ್ಲೂ ಎರಡು ಗೇಜ್‌ಗಳ ವ್ಯತ್ಯಾಸ ಬರೆದುಕೊಂಡೆ.

40 ಮಿ.ಮೀ. ಮೇಲೆ: 5.6 ಮಿ.ಮೀ. ಟೋ-ಔಟ್ (ಚಕ್ರದ ಮುಂಭಾಗ ಹೊರಕ್ಕೆ). 40 ಮಿ.ಮೀ. ಕೆಳಗೆ: 4.4 ಮಿ.ಮೀ. ಟೋ-ಇನ್ (ಒಳಕ್ಕೆ). ಮೊದಲನೆಯದು ಡಿಗ್ರಿಯ ಲೆಕ್ಕದಲ್ಲಿ ಒಂದಕ್ಕಿಂತ ಹೆಚ್ಚು. ಕಾರು ಇಷ್ಟು ದಿನ ನನ್ನನ್ನು ಹಳ್ಳಕ್ಕೆ ಹಾಕದಿದ್ದುದೇ ಅದರ ಔದಾರ್ಯ.

ಈ ಎರಡು ಅಂಕಿಗಳಲ್ಲಿ ಎರಡು ದೋಷಗಳು ಬೆರೆತಿವೆ. ಮೇಲೇರಿದಾಗ ಒಂದು ಕಡೆಗೆ, ಇಳಿದಾಗ ಇನ್ನೊಂದು ಕಡೆಗೆ ತಿರುಗಿದರೆ ಅದು ಎತ್ತರದ ದೋಷ: ಟೈ ರಾಡ್‌ನ ಒಂದು ತುದಿ ಇರಬೇಕಾದ ಎತ್ತರದಲ್ಲಿಲ್ಲ. ಏರಿದರೂ ಇಳಿದರೂ ಒಂದೇ ಕಡೆಗೆ ತಿರುಗಿದರೆ ಉದ್ದದ ದೋಷ: ಟೈ ರಾಡ್ ಇರಬೇಕಾದ ಉದ್ದವಿಲ್ಲ. ಬಿಡಿಸಿ ನೋಡಿದರೆ ನನ್ನಲ್ಲಿ ಎತ್ತರದ ಪಾಲು 5.0, ಉದ್ದದ ಪಾಲು 0.6. ಸ್ಟೀರಿಂಗ್ ಆರ್ಮ್ 130 ಮಿ.ಮೀ., ಟೈ ರಾಡ್ 330 ಮಿ.ಮೀ. ಎಂದಿಟ್ಟು ಲೆಕ್ಕ ಹಾಕಿದರೆ ರ್ಯಾಕ್ ಸುಮಾರು 18 ಮಿ.ಮೀ. ಕೆಳಗೆ ಕೂತಿದೆ.

ಎರಡನೆಯ ಶನಿವಾರ

ಬ್ರಾಕೆಟ್ ಕತ್ತರಿಸಿ ರ್ಯಾಕ್ ಮೇಲೆತ್ತಿದೆ. ಸಂಪ್‌ಗೆ ತುಸು ಅಂತರ ಬಿಟ್ಟರೆ 12 ಮಿ.ಮೀ.ಗಿಂತ ಹೆಚ್ಚು ಎತ್ತಲಾಗಲಿಲ್ಲ. ಎರಡೂ ಬದಿ ಒಂದೇ ಎತ್ತರದಲ್ಲಿದೆಯೆಂದು ನಾಲ್ಕು ಸಲ ಅಳೆದು ಬೆಸೆದೆ. ಓರೆಯಾದರೆ ಎಡಕ್ಕೊಂದು ಬಲಕ್ಕೊಂದು ನಡತೆ ಬಂದೀತು. ಹೊಸ ಅಳತೆ: ಮೇಲೆ 2.3 ಔಟ್, ಕೆಳಗೆ 1.1 ಇನ್.

ಉಳಿದ 6 ಮಿ.ಮೀ.ಯನ್ನು ಇನ್ನೊಂದು ತುದಿಯಲ್ಲಿ ಗಳಿಸಬೇಕು, ಅಂದರೆ ಟೈ ರಾಡ್‌ನ ಹೊರತುದಿಯನ್ನು ಕೆಳಗಿಳಿಸಬೇಕು. ಬಾಲ್ ಜಾಯಿಂಟ್ ತೆಗೆದು, ಉದ್ದನೆಯ ಬೋಲ್ಟ್, ರಾಡ್ ಎಂಡ್, ನಡುವೆ ಸ್ಪೇಸರ್ ಹಾಕುವುದು ವಾಡಿಕೆಯ ದಾರಿ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ: ಸ್ಪೇಸರ್ ಎತ್ತರವಾದಷ್ಟೂ ಬೋಲ್ಟನ್ನು ಬಗ್ಗಿಸುವ ಬಲ ಹೆಚ್ಚುತ್ತದೆ, ಮುರಿದರೆ ಸ್ಟೀರಿಂಗೇ ಇಲ್ಲ. ಆದರೂ ಭಾಗಗಳನ್ನು ತರಿಸಿಟ್ಟುಕೊಂಡೆ.

ಮೂರನೆಯ ಶನಿವಾರ

ಭಾಗಗಳನ್ನು ಜೋಡಿಸುವ ಮೊದಲು, ಮುಂದೂಡುತ್ತ ಬಂದಿದ್ದ ಕ್ಯಾಸ್ಟರ್ ಕೆಲಸ ಮುಗಿಸೋಣವೆಂದುಕೊಂಡೆ. ಪಕ್ಕದಿಂದ ನೋಡಿದಾಗ, ಚಕ್ರ ತಿರುಗುವ ಅಕ್ಷದ ಮೇಲ್ತುದಿ ಎಷ್ಟು ಹಿಂದಕ್ಕೆ ವಾಲಿದೆಯೆಂಬ ಕೋನವೇ ಕ್ಯಾಸ್ಟರ್. ಹಳೆಯ ಬಯಾಸ್ ಟೈರ್‌ಗಳ ಕಾಲದ ಕಾರು. ಕಾರ್ಖಾನೆ ಕೊಟ್ಟದ್ದು ಬರೀ 1 ಡಿಗ್ರಿ. ರೇಡಿಯಲ್ ಟೈರ್‌ನಲ್ಲಿ ಅಷ್ಟು ಸಾಲದು, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನಡುವಿಗೆ ಮರಳಲು ಸೋಮಾರಿತನ ಮಾಡುತ್ತದೆ. ಶಿಮ್‌ಗಳನ್ನು (ಸಂದಿಗೆ ತೂರಿಸುವ ತೆಳು ಬಿಲ್ಲೆಗಳು) ಬದಲಿಸಿ ಮೇಲಿನ ಬಾಲ್ ಜಾಯಿಂಟನ್ನು ಹಿಂದಕ್ಕೆ ಸರಿಸಿ 3.5 ಡಿಗ್ರಿ ಮಾಡಿದೆ. ಅಭ್ಯಾಸಬಲದಿಂದ ಮತ್ತೆ ಗೇಜ್ ಹಚ್ಚಿದೆ.

ಮೇಲೆ 0.7 ಔಟ್. ಕೆಳಗೆ 0.5 ಔಟ್.

ಗೇಜ್ ಸಿಕ್ಕಿಕೊಂಡಿದೆಯೆಂದು ಅದನ್ನು ಬೆರಳಿನಿಂದ ತಟ್ಟಿದೆ. ಸಿಕ್ಕಿಕೊಂಡಿರಲಿಲ್ಲ. ಸ್ಟೂಲ್ ಮೇಲೆ ಕೂತು ಕಾಗದದಲ್ಲಿ ಚಿತ್ರ ಬರೆದ ಮೇಲೆ ಬೆಳಕಾಯಿತು: ಈ ಕಾರಿನಲ್ಲಿ ಸ್ಟೀರಿಂಗ್ ಆರ್ಮ್ ಆಕ್ಸಲ್‌ನ ಹಿಂದಕ್ಕೆ ಚಾಚಿದೆ. ಮೇಲಿನ ಕೀಲು ಹಿಂದಕ್ಕೆ ವಾಲಿದಾಗ ಹಬ್ ಮತ್ತು ಸ್ಟೀರಿಂಗ್ ಆರ್ಮ್ ಹೊತ್ತ ಇಡೀ ನಕಲ್ ವಾಲುತ್ತದೆ, ಹಿಂದಕ್ಕೆ ಚಾಚಿದ ತುದಿ ತಗ್ಗುತ್ತದೆ. 130 ಮಿ.ಮೀ. ಉದ್ದದ ಆರ್ಮ್ 2.5 ಡಿಗ್ರಿ ವಾಲಿದರೆ ತುದಿ 5.7 ಮಿ.ಮೀ. ಇಳಿಯುತ್ತದೆ. ನನಗೆ ಬೇಕಾಗಿದ್ದುದು 6! ಆರ್ಮ್ ಮುಂದಕ್ಕೆ ಚಾಚಿದ್ದರೆ ಅಷ್ಟೇ ಮೇಲೇರಿ ಎರಡು ವಾರದ ಕೆಲಸವನ್ನು ಹಾಳುಮಾಡುತ್ತಿತ್ತು. ಕ್ಯಾಸ್ಟರ್ ಮೊದಲು, ಬಂಪ್ ಸ್ಟಿಯರ್ ಆಮೇಲೆ ಎಂಬ ಕ್ರಮ ಬಲ್ಲವರಿಗೆಲ್ಲ ಗೊತ್ತಿರುವುದೇ. ನಾನು ತಿರುಗಾಮುರುಗಾ ಮಾಡಿಯೂ ಬಚಾವಾದೆ.

ಈಗ ಉಳಿದಿರುವುದು ಬಹುತೇಕ ಉದ್ದದ ದೋಷ: ರ್ಯಾಕ್ ಅಗಲ ಹೆಚ್ಚಿ ಟೈ ರಾಡ್ ಗಿಡ್ಡವಾಗಿದೆ. ಸರಿಪಡಿಸಲು ಬೇರೆಯೇ ರ್ಯಾಕ್ ಬೇಕು. ಸಾಮಾನ್ಯ ಓಟದಲ್ಲಿ ಚಕ್ರ 25 ಮಿ.ಮೀ. ಆಡಿದರೆ ತಪ್ಪು ಕಾಲು ಮಿ.ಮೀ. ಆಸುಪಾಸು. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಸ್ಪೇಸರ್‌ಗಳು ಪೆಟ್ಟಿಗೆಗೆ ಮರಳಿದವು.

ಆಕರ್ಮನ್ ಕೋನವನ್ನೂ, ಅಂದರೆ ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಎಷ್ಟು ಹೆಚ್ಚು ತಿರುಗುತ್ತದೆಂಬುದನ್ನೂ, ಒಮ್ಮೆ ನೋಡಿದೆ. (1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ಆಕರ್ಮನ್, ಕಂಡುಹಿಡಿದವನು ಮ್ಯೂನಿಕ್‌ನ ಗಾಡಿ ತಯಾರಕ ಲಂಕೆನ್ಸ್‌ಪರ್ಗರ್, ಹೆಸರು ಉಳಿದದ್ದು ಕಾಗದಪತ್ರ ಮಾಡಿದವನದು.) ಹೊರಚಕ್ರ 20 ಡಿಗ್ರಿ ತಿರುಗಿದಾಗ ಒಳಚಕ್ರ 21.5. ಈ ಕಾರಿನ ಅಳತೆಗೆ 24ರ ಹತ್ತಿರ ಇರಬೇಕಿತ್ತು. ಪೂರ್ತಿ ತಿರುಗಿಸಿ ನಿಲ್ಲಿಸುವಾಗ ಟೈರ್ ಕಿರುಗುಡುತ್ತದೆ. ಕಿರುಗುಡಲಿ.

ಭಾನುವಾರ ಸಂಜೆ

ಟೋ ಮತ್ತೆ ಹೊಂದಿಸಿ ಓಡಿಸಿದೆ. ಅದೇ ರಸ್ತೆ, ಅದೇ ಉಬ್ಬುಗಳು. ಕಾರು ಏರಿತು, ಇಳಿಯಿತು, ನೇರವಾಗಿ ಹೋಯಿತು. ಕ್ಯಾಸ್ಟರ್ ಹೆಚ್ಚಿದ್ದರಿಂದ ನಿಂತಲ್ಲಿ ಸ್ಟೀರಿಂಗ್ ತುಸು ಭಾರ. ಮರಳಿ ಬಂದು ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ, ರ್ಯಾಕ್‌ನ ಮೇಲೆ ಸಂಪ್ ಉಜ್ಜಿದ ಹೊಳೆಯುವ ಗೀರು. ನಡುವೆ 4 ಮಿ.ಮೀ. ಬಿಟ್ಟಿದ್ದೆ, ಎಂಜಿನ್ ಮೌಂಟ್‌ಗಳ ರಬ್ಬರ್ ಎಷ್ಟು ಹಳತೆಂಬುದು ಲೆಕ್ಕದಲ್ಲಿರಲಿಲ್ಲ. ಮುಂದಿನ ಶನಿವಾರ ಅವುಗಳ ಸರದಿ.