26ನೆಯ ದಿನದ ಬೆದೆ

ಹೆಸರಘಟ್ಟದ ಬಳಿಯ ನಮ್ಮ ಕೊಟ್ಟಿಗೆಯಲ್ಲಿ ಮೂರು ಮಿಶ್ರತಳಿ ಹಸುಗಳಿವೆ. ಅವು ಬೆದೆಗೆ ಬಂದ ದಿನ, ಸೆಮೆನ್ ಹಾಕಿಸಿದ ಹೊತ್ತು, ಕರು ಹಾಕಿದ ತಾರೀಖು ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ಗೌರಿಗೆ ಸೆಮೆನ್ ಹಾಕಿಸಿ 21 ದಿನ ಕಳೆದಾಗ ಗಬ್ಬ ನಿಂತಿತೆಂದೇ ನಂಬಿದ್ದೆವು. 26ನೆಯ ದಿನ ನಸುಕಿನಲ್ಲಿ ಅವಳು ಕೂಗತೊಡಗಿದಳು. ಹೋಗಿ ನೋಡಿದರೆ ಗಾಜಿನಂತೆ ತಿಳಿಯಾದ ಲೋಳೆ ಬಾಲದಗುಂಟ ಎಳೆಯಾಗಿ ಇಳಿದಿತ್ತು.

ಗಬ್ಬ ಕಟ್ಟಲೇ ಇಲ್ಲವೆಂದು ಮನೆಯವರು ಬೇಸರಪಟ್ಟರು. ನನ್ನನ್ನು ಕಾಡಿದ್ದು ಆ ಐದು ದಿನಗಳ ತಡ. ಗಬ್ಬ ಕಟ್ಟದ ಹಸು ಸಾಮಾನ್ಯವಾಗಿ 18ರಿಂದ 24 ದಿನಗಳೊಳಗೆ ಮತ್ತೆ ಬೆದೆಗೆ ಬರುತ್ತದೆ. ಬೆದೆ ಗುರುತಿಸುವುದರಲ್ಲಿ ತಪ್ಪಾಗಿದ್ದರೂ ಲೆಕ್ಕ ಏರುಪೇರಾಗಬಹುದು, ಆದರೆ ಗುರುತು ಸರಿಯಿದ್ದು ಇಷ್ಟು ತಡವಾದರೆ ಭ್ರೂಣ ಕಟ್ಟಿ ಆಮೇಲೆ ನಾಶವಾಗಿರುವ ಸಂಶಯವೇ ಹೆಚ್ಚು. ಸುಮಾರು 16ನೆಯ ದಿನದ ಹೊತ್ತಿಗೆ ಭ್ರೂಣವು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸಿ ತನ್ನ ಇರವನ್ನು ಗರ್ಭಕೋಶಕ್ಕೆ ತಿಳಿಸುತ್ತದೆ. ಆ ಸಂಕೇತ ಸಾಕಷ್ಟು ತಲುಪದಿದ್ದರೆ ಗಬ್ಬ ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಒದಗಿಸುವ ಅಂಡಾಶಯದ ಪೀತಕಾಯ ಕರಗಿ, ಗಬ್ಬ ಉಳಿಯದೆ, ಹಸು ಪುನಃ ಬೆದೆಗೆ ಬರುತ್ತದೆ. ಕಂದು ಹಾಕಿದರೆ, ಅಂದರೆ ಬೆಳೆದ ಗರ್ಭ ಬಿದ್ದುಹೋದರೆ, ಎಲ್ಲರಿಗೂ ಗೊತ್ತಾಗುತ್ತದೆ, ಈ ನಷ್ಟ ಕಣ್ಣಿಗೇ ಬೀಳುವುದಿಲ್ಲ.

ಸೆಮೆನ್ ಹಾಕಿಸಿದ ಮೊದಲ ವಾರವೆಲ್ಲ ಅವಳನ್ನು ತಗಡಿನ ಸೂರಿನ ಕೆಳಗೇ ಕಟ್ಟಿದ್ದೆ, ಆ ತಪ್ಪು ನನ್ನದೇ. ಎಳೆಯ ಭ್ರೂಣಕ್ಕೆ ತಾಯಿಯ ಮೈಬಿಸಿ ಏರುವುದು ತೀರಾ ಅಪಾಯಕರ, ಅದರಲ್ಲೂ ಮೊದಲ ಕೆಲವು ದಿನ. ಬೆಂಗಳೂರು ತಂಪೂರೆಂಬ ನಂಬಿಕೆಯಲ್ಲಿ ಏಪ್ರಿಲ್ ಮಧ್ಯಾಹ್ನದ ತಗಡನ್ನು ಮರೆಯುತ್ತೇವೆ. ಈಗ ಸೂರಿನ ಮೇಲೆ ತೆಂಗಿನ ಗರಿ ಹೊದಿಸಿದ್ದೇನೆ, ಫ್ಯಾನ್ ಹಾಕಿಸಿದ್ದೇನೆ, ಕುಡಿಯುವ ನೀರಿನ ತೊಟ್ಟಿಯನ್ನು ನೆರಳಿಗೆ ಸರಿಸಿದ್ದೇನೆ.

ಮೇವಿನ ವಿಷಯವೂ ಇದೆ. ಕರು ಹಾಕಿದ ಮೊದಲ ತಿಂಗಳುಗಳಲ್ಲಿ ಹಾಲಿಗೆ ಬೇಕಾದ ಶಕ್ತಿ ಮೇವಿನಿಂದ ಸಿಗದೆ ಹಸು ಮೈಕೊಬ್ಬು ಕರಗಿಸಿಕೊಳ್ಳುತ್ತದೆ. ಬೆನ್ನೆಲುಬು ಎದ್ದು ಕಾಣುವಾಗ ಆತುರಪಟ್ಟು ಸೆಮೆನ್ ಹಾಕಿಸಿ ಫಲವಿಲ್ಲ. ಹಿಂಡಿ, ಬೂಸಾ, ಹಸಿಹುಲ್ಲಿನ ಜೊತೆಗೆ ಖನಿಜ ಮಿಶ್ರಣ ಕೊಟ್ಟು, ಕನಿಷ್ಠ 60 ದಿನ ಕಾಯುತ್ತೇನೆ.

ಗೌರಿಯ ಮುಂದಿನ ಬೆದೆ ಸಂಜೆ ಕಾಣಿಸಿತು, ಮರುದಿನ ಬೆಳಿಗ್ಗೆ ಸೆಮೆನ್ ಹಾಕಿಸಿದೆವು. 30ನೆಯ ದಿನ ವೈದ್ಯರು ಸ್ಕ್ಯಾನ್ ಮಾಡಿ ಭ್ರೂಣದ ಹೃದಯಬಡಿತ ತೋರಿಸಿದರು. ಇನ್ನೂ ನಷ್ಟವಾಗುವ ದಿನಗಳೇ ಇವು, ಆದ್ದರಿಂದ 60ನೆಯ ದಿನದ ತಪಾಸಣೆಗೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.