ಎಂಜಿಬಿ ನೋಡೋಕೆ ಹೋಗ್ತೀರಾ? ಬಂಪರ್ ಕೊನೇಗೆ ನೋಡಿ

ಹಳೇ ಎಂಜಿಬಿ, ಅಂದ್ರೆ ಇಂಗ್ಲೆಂಡಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು, ಹುಡುಕೋ ಜನ ಮೊದ್ಲು ಕೇಳೋದು ಒಂದೇ, ಕ್ರೋಮ್ ಬಂಪರ್ರಾ ರಬ್ಬರ್ ಬಂಪರ್ರಾ ಅಂತ. 1974ರ ತನಕದ ಗಾಡಿಗೆ ಕ್ರೋಮ್, ಆಮೇಲಿನದ್ದಕ್ಕೆ ಕಪ್ಪು ರಬ್ಬರ್. ಕ್ರೋಮ್ ಅಂದ್ರೆ ಕಣ್ಣರಳುತ್ತೆ, ರಬ್ಬರ್ ಅಂದ್ರೆ ಮುಖ ಸಿಂಡರಿಸಿಕೊಂಡು ಅರ್ಧ ರೇಟು ಕೇಳ್ತಾರೆ. ಹಿಂಗಾಗಿ ಮಾರೋರು ಏನ್ ಮಾಡ್ತಾರೆ, ರಬ್ಬರ್ ಕಿತ್ತು ಕ್ರೋಮ್ ಕೂರಿಸ್ತಾರೆ, ಇದು ಇಂಗ್ಲೆಂಡಲ್ಲೂ ಅಮೆರಿಕಾದಲ್ಲೂ ಎಷ್ಟೋ ವರ್ಷದಿಂದ ನಡೀತಿರೋ ಕೆಲಸ, ಅದಕ್ಕೆ ಅಂತಾನೇ ಕಿಟ್ ಸಿಗುತ್ತೆ. ಈಗ ಅಂಥದ್ದೇ ಒಂದು ಗಾಡಿ ನಮ್ಮ ಕೊಡಗಿನ ಸಿದ್ದಾಪುರದ ಕಡೆ ತೋಟದ ಶೆಡ್ಡಲ್ಲಿ ಬಂದು ನಿಂತಿದೆ, ನನ್ನ ಚಿಕ್ಕಪ್ಪನ ಮಗನಿಗೆ ಅದರ ಮೇಲೆ ಕಣ್ಣು ಬಿದ್ದಿದೆ. "ಅಣ್ಣಾ, 1971ರ ಮಾಡೆಲ್ ಅಂತೆ, ಪೂರ್ತಿ ಒರಿಜಿನಲ್ ಅಂತೆ, ಒಂದ್ಸಲ ಬಂದು ನೋಡು" ಅಂತ ಪ್ರಾಣ ತಿಂದ. ಹೋಗಿ ನೋಡ್ದೆ. ಏನೇನು ನೋಡ್ದೆ, ಯಾಕೆ ನೋಡ್ದೆ ಅಂತ ಬರೆದಿಡೋಣ ಅನ್ನಿಸ್ತು, ಯಾಕಂದ್ರೆ ಈ ಕಾರಿನ ಹೊರಗಿನ ಒಂದೊಂದು ಸಾಮಾನೂ ಅದರ ವಯಸ್ಸು ಹೇಳುತ್ತೆ, ಆದ್ರೆ ಕೆಲವು ಸುಳ್ಳೂ ಹೇಳ್ತವೆ.

ಮೊದ್ಲೇ ಹೇಳ್ಬಿಡ್ತೀನಿ, ಈಗ ಶೋರೂಮಲ್ಲಿ ಸಿಗೋ ಎಂಜಿ ಅಲ್ಲ ಇದು. ಇಂಗ್ಲೆಂಡಿನ ಅಬಿಂಗ್ಡನ್ ಫ್ಯಾಕ್ಟರಿಯಲ್ಲಿ 1962ರಿಂದ 1980ರ ಅಕ್ಟೋಬರ್ ತನಕ ಮಾಡಿದ ಎರಡು ಸೀಟಿನ ಗಾಡಿ, ಜೊತೆಗೆ 1965ರಲ್ಲಿ ಬಂದ ಹಾರ್ಡ್ ಟಾಪಿನ ಜಿಟಿ, ಎಲ್ಲಾ ಸೇರಿ 5 ಲಕ್ಷಕ್ಕೂ ಜಾಸ್ತಿ. ಬಾಡಿ ಡಿಸೈನು ಡಾನ್ ಹೇಯ್ಟರ್ ಅವರದ್ದು, ಎಂಜಿನಿಯರಿಂಗ್ ಸಿಡ್ ಎನೆವರ್ ಅವರದ್ದು, ಜಿಟಿಯ ಮೇಲ್ಭಾಗಕ್ಕೆ ಇಟಲಿಯ ಕಾರು ಡಿಸೈನ್ ಕಂಪನಿ ಪಿನಿನ್‌ಫರಿನಾದವರ ಕೈ ಬಿದ್ದಿದೆ. 18 ವರ್ಷ ಆ ಮೂಲ ಡಬ್ಬಿ ಹೆಚ್ಚುಕಮ್ಮಿ ಹಾಗೇ ಇತ್ತು. ಬದಲಾಗ್ತಾ ಹೋಗಿದ್ದು ಹೊರಗಿನ ಅಲಂಕಾರ, ಗ್ರಿಲ್ಲು, ಬಂಪರು, ಲ್ಯಾಂಪು, ಬಾಗಿಲ ಹಿಡಿ, ವೀಲು. ಹಾಗಾಗಿ ಇಸವಿ ಕಂಡುಹಿಡಿಯೋಕೆ ಇವೇ ಗತಿ.

ಬಾಗಿಲ ಹಿಡಿಯಿಂದ ಶುರು ಮಾಡಿದ್ರೆ ಒಳ್ಳೇದು, ಯಾಕಂದ್ರೆ ಅದನ್ನ ಯಾರೂ ಮುಟ್ಟೋಕೆ ಹೋಗಲ್ಲ. 1962ರಿಂದ 1965ರ ತನಕದ ಗಾಡಿಗೆ ಎಳೆಯೋ ಹಿಡಿ, ಕೈ ಹಾಕಿ ಹೊರಗೆ ಎಳೆದ್ರೆ ತೆಗೆಯುತ್ತೆ. ಆಮೇಲೆ ಬಂದಿದ್ದೆಲ್ಲಾ ಬಟನ್ ಒತ್ತೋ ಹಿಡಿ. ಎಳೆಯೋ ಹಿಡಿ ಇರೋ ಗಾಡಿ ಹುಡುಕೋ ಹುಚ್ಚರ ಗುಂಪೇ ಬೇರೆ ಇದೆ, ರೇಟೂ ಬೇರೆ. ನಮ್ಮ ಶೆಡ್ಡಿನ ಗಾಡಿಗೆ ಬಟನ್, ಸರಿ, 1971 ಅಂದ್ರೂ ಒಪ್ಪಬಹುದು.

ಆಮೇಲೆ ಬಾನೆಟ್ಟು. ಜೇಬಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಇಟ್ಕೊಂಡು ಹೋಗಿ. ಮೊದಮೊದಲ ಗಾಡಿಗಳಿಗೆ ಅಲ್ಯೂಮಿನಿಯಂ ಬಾನೆಟ್, 1970ರ ಆಸುಪಾಸಲ್ಲಿ ಸ್ಟೀಲಿಗೆ ಬದಲಾಯಿಸಿದ್ರು. ಮ್ಯಾಗ್ನೆಟ್ ಟಕ್ ಅಂತ ಹಿಡೀತು, ಇಲ್ಲಿಗೂ ತಕರಾರಿಲ್ಲ. ಬಾನೆಟ್ ಮೇಲೆ ಉಬ್ಬು ಇದ್ರೆ ಅದು ಬೇರೆಯೇ ಕಥೆ, ಅದು ಎಂಜಿಸಿ, ಆರು ಸಿಲಿಂಡರಿನ ದೊಡ್ಡ ಎಂಜಿನ್ ಒಳಗೆ ಹಿಡಿಸೋಕೆ ಉಬ್ಬಿಸಿದ್ದು, 15 ಇಂಚಿನ ವೀಲು, 1967ರಿಂದ 1969ರ ತನಕ ಮಾತ್ರ ಮಾಡಿದ್ರು, ನಮಗೆ ಅಂಥದ್ದು ಸಿಗೋ ಯೋಗ ಇಲ್ಲ ಬಿಡಿ.

ಗ್ರಿಲ್ಲಿನ ಹತ್ರ ಬಂದಾಗ ನನಗೆ ಮೊದಲ ಅನುಮಾನ ಬಂತು. ಮೊದಲ ಗಾಡಿಗಳಿಗೆ ಉದ್ದುದ್ದ ನಿಂತ ಪಟ್ಟಿಗಳ ಹೊಳೆಯೋ ಗ್ರಿಲ್, ಮಧ್ಯೆ ಎಂಟು ಮೂಲೆಯ ಎಂಜಿ ಬ್ಯಾಡ್ಜು, ಅದೇ ಎಲ್ರ ಮನಸ್ಸಲ್ಲಿರೋ ಎಂಜಿಬಿ ಮುಖ. 1969ರ ಕೊನೇಲಿ, ಎಂಜಿ ಕಂಪನಿ ಬ್ರಿಟಿಷ್ ಲೇಲ್ಯಾಂಡ್ ಅನ್ನೋ ದೊಡ್ಡ ಕಾರು ಕಂಪನಿ ಕೈಗೆ ಬಂದ ಮೇಲೆ, ಖರ್ಚೂ ಉಳೀಬೇಕು ಹೊಸದಾಗೂ ಕಾಣ್ಬೇಕು ಅಂತ ಒಳಗೆ ತಗ್ಗಿಸಿದ ಕಪ್ಪು ಗ್ರಿಲ್ ಹಾಕಿದ್ರು, ನೋಡೋಕೆ ಬಾಯಲ್ಲಿ ಹಲ್ಲಿಲ್ಲದ ಹಾಗೆ. ಗ್ರಾಹಕರು ಬೈದ್ರು. 1972ರಲ್ಲಿ ಮತ್ತೆ ಹಳೇ ಆಕಾರದ ಕ್ರೋಮ್ ಚೌಕಟ್ಟು ತಂದು, ಒಳಗೆ ಪಟ್ಟಿ ಬದಲು ಜೇನುಗೂಡಿನ ಥರ ಕಪ್ಪು ಪ್ಲಾಸ್ಟಿಕ್ ಜಾಲರಿ ಕೂರಿಸಿದ್ರು. ಅಂದ್ರೆ 1971ರ ಗಾಡಿಗೆ ಇರ್ಬೇಕಾಗಿದ್ದು ಆ ಬೋಳು ಕಪ್ಪು ಗ್ರಿಲ್. ಇಲ್ಲಿ ಇದ್ದಿದ್ದು ನಿಂತ ಪಟ್ಟಿಯ ಗ್ರಿಲ್. ಆದ್ರೆ ಇದೊಂದರಿಂದಲೇ ತೀರ್ಪು ಕೊಡೋಕಾಗಲ್ಲ, ಕಪ್ಪು ಗ್ರಿಲ್ ಇದ್ದೋರು ಎಷ್ಟೋ ಜನ ಕಿತ್ತೆಸೆದು ಹಳೇದನ್ನ ಹಾಕಿಸ್ಕೊಂಡಿದ್ದಾರೆ. ನನಗೇನೋ ಆ ಕಪ್ಪು ಗ್ರಿಲ್ಲೇ ಚೆನ್ನಾಗಿ ಕಾಣುತ್ತೆ, ಹೇಳಿದ್ರೆ ಜನ ನಗ್ತಾರೆ.

ವೀಲೂ ಹಾಗೇ, ನಂಬೋ ಹಾಗಿಲ್ಲ. ಆ ಹೊತ್ತಲ್ಲಿ ಮಾಮೂಲಿಯಾಗಿ ಬರ್ತಿದ್ದಿದ್ದು ರೋಸ್ಟೈಲ್ ಅನ್ನೋ ಒತ್ತಿ ಮಾಡಿದ ಸ್ಟೀಲ್ ವೀಲು, ಕಡ್ಡಿ ವೀಲು ಬೇಕಂದ್ರೆ ಎಕ್ಸ್‌ಟ್ರಾ ದುಡ್ಡು ಕೊಡ್ಬೇಕಿತ್ತು. ಇಲ್ಲಿ ಇದ್ದಿದ್ದು ಕಡ್ಡಿ ವೀಲು, ಫೋಟೋಗೆ ಚೆಂದ, ಕಡ್ಡಿಗಳ ಬುಡದಲ್ಲಿ ತುಕ್ಕು. ಹಿಂದಿನ ಲ್ಯಾಂಪ್ 1970ರ ಮಾಡೆಲ್‌ನಿಂದ ಬಂದ ಚೌಕ ಮೂಲೆಯದ್ದು, ಸರಿ ಇದೆ, ಆದ್ರೆ ಆಮೇಲಿನ ಗಾಡಿಗಳಿಗೂ ಅದೇ ಥರದ್ದು.

ನಿಜವಾದ ಸಾಕ್ಷಿ ಇರೋದು ಮುಂದಿನ ಇಂಡಿಕೇಟರ್ ಹತ್ರ. ಕ್ರೋಮ್ ಗಾಡಿಯಲ್ಲಿ ಇಂಡಿಕೇಟರ್ ಬಂಪರಿನ ಮೇಲೆ, ಗ್ರಿಲ್ಲಿನ ಪಕ್ಕ, ಹೆಡ್‌ಲೈಟಿನ ಕೆಳಗೆ ಬಾಡಿಯಲ್ಲೇ ಕೂತಿರುತ್ತೆ. ರಬ್ಬರ್ ಗಾಡಿಯಲ್ಲಿ ಅದು ಬಂಪರಿನ ಒಳಗೇ ಇರುತ್ತೆ, ಬಾಡಿಯ ತಗಡಿನ ಆಕಾರಾನೇ ಬೇರೆ. ಹಾಗಾಗಿ ರಬ್ಬರ್ ಕಿತ್ತು ಕ್ರೋಮ್ ಹಾಕೋರು ಒಂದೋ ಮುಂದಿನ ಎರಡೂ ವಿಂಗ್, ಅಂದ್ರೆ ಚಕ್ರದ ಮೇಲಿನ ತಗಡು, ಪೂರ್ತಿ ಬದಲಾಯಿಸ್ಬೇಕು, ಇಲ್ಲಾ ತಗಡು ಕತ್ತರಿಸಿ ವೆಲ್ಡ್ ಮಾಡ್ಬೇಕು. ಹಿಂದೆಯೂ ಲ್ಯಾಂಪಿನ ಕೆಳಗೆ ಅದೇ ಕೆಲಸ. ಹೊರಗಿಂದ ಪುಟ್ಟಿ ಬಳಿದು ಪೇಂಟ್ ಹೊಡೆದ್ರೆ ಗೊತ್ತಾಗಲ್ಲ, ಚಕ್ರದ ಮೇಲ್ಗಡೆ ಒಳಗಿಂದ ಟಾರ್ಚ್ ಬಿಟ್ಟು ನೋಡಿ. ನಾನು ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿ ಬಿಟ್ಟೆ ಟಾರ್ಚು, ವೆಲ್ಡಿಂಗ್ ಗೆರೆ ಎದ್ದು ಕಾಣ್ತಿತ್ತು, ಅದರ ಮೇಲೆ ಟಾರ್ ಬಳಿದಿದ್ರೂನೂ.

ಅಷ್ಟಾದ ಮೇಲೆ ಸೀಟಿನ ಹಿಂದಿನ ಮುಚ್ಚಳ ತೆಗೆಸಿದೆ. ಕ್ರೋಮ್ ಕಾಲದ ಗಾಡಿಗಳಿಗೆ ಅಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಇರ್ತಿತ್ತು, ಆ ಕಡೆ ಒಂದು ಈ ಕಡೆ ಒಂದು. ರಬ್ಬರ್ ಗಾಡಿ ಬಂದಾಗ ಒಂದೇ 12 ವೋಲ್ಟಿಗೆ ಇಳಿಸಿದ್ರು. ಹಳೇ ಗಾಡಿಗೂ ಜನ ಒಂದೇ ಬ್ಯಾಟರಿ ಹಾಕ್ಕೊಳ್ತಾರೆ ನಿಜ, ಆದ್ರೆ ಎರಡನೇದು ಕೂರೋ ಗೂಡು ಅಲ್ಲೇ ಉಳಿದಿರ್ಬೇಕಲ್ವಾ, ಇಲ್ಲಿ ಆ ಗೂಡೇ ಇಲ್ಲ. ಚಾಸಿ ನಂಬರಿನ ತಗಡಿನಲ್ಲಿ ಜಿಎಚ್‌ಎನ್5 ಅಂತ ಇದೆ ಅಂತ ತಮ್ಮ ಖುಷಿಯಾಗಿ ತೋರಿಸಿದ, ಅದರಿಂದ ಏನೂ ಉಪಯೋಗ ಇಲ್ಲ ಮಾರಾಯಾ, ಎನ್ ಅಂದ್ರೆ ಎರಡು ಸೀಟಿನ ಓಪನ್ ಗಾಡಿ, ಡಿ ಇದ್ರೆ ಜಿಟಿ, 5 ಅನ್ನೋದನ್ನ 1969ರ ಕೊನೆಯಿಂದ ಕ್ರೋಮ್ ಗಾಡಿಗೂ ಆಮೇಲಿನ ರಬ್ಬರ್ ಗಾಡಿಗೂ ಹೊಡೆದಿದ್ದಾರೆ. ಅದರ ಮುಂದಿನ ನಂಬರ್ ತಾಳೆ ನೋಡ್ಬೇಕು.

ಈಗ ಈ ರಬ್ಬರ್ ಯಾಕೆ ಬಂತು ಅಂತ. ಎಂಜಿಬಿಗೆ ದೊಡ್ಡ ಮಾರ್ಕೆಟ್ ಅಮೆರಿಕಾ. ಅಲ್ಲಿನ ಸರ್ಕಾರ ಎಪ್ಪತ್ತರ ದಶಕದ ಮೊದಲಲ್ಲಿ ಹೊಸ ರೂಲ್ಸ್ ತಂತು, ಗಂಟೆಗೆ 5 ಮೈಲಿ ವೇಗದಲ್ಲಿ ಗುದ್ದಿದ್ರೆ ಲೈಟು ಗೀಟು ಒಡೀಬಾರ್ದು, ಬಂಪರೂ ಇಷ್ಟೇ ಎತ್ತರದಲ್ಲಿ ಇರ್ಬೇಕು ಅಂತ. 1974ರ ಮೊದಲ ಅರ್ಧದಲ್ಲಿ ಅಮೆರಿಕಾದ ಗಾಡಿಗಳಿಗೆ ಕ್ರೋಮ್ ಬಂಪರಿನ ಮೇಲೇ ದಪ್ಪ ದಪ್ಪ ರಬ್ಬರ್ ಗುಬಟು ಎರಡೆರಡು ಸಿಕ್ಕಿಸಿ ಕಾಲ ತಳ್ಳಿದ್ರು, ಅದಕ್ಕೆ ಒಬ್ಬ ನಟಿಯ ಹೆಸರಿಟ್ಟು ಸಬ್ರೀನಾ ಅಂತಾರೆ, ಯಾಕೆ ಅಂತ ನೀವೇ ಊಹಿಸ್ಕೊಳ್ಳಿ. 1974ರ ಸೆಪ್ಟೆಂಬರಿಂದ ಪೂರ್ತಿ ಕಪ್ಪು ಬಂಪರ್ ಬಂತು, ಇಂಗ್ಲೆಂಡಿನ ಗಾಡಿಗೂ ಅದೇ, ಎರಡೆರಡು ಥರ ಮಾಡೋ ಖರ್ಚು ಯಾರಿಗೆ ಬೇಕು. ಹೆಸರಿಗೆ ರಬ್ಬರ್, ನಿಜವಾಗಿ ಅದು ಪಾಲಿಯುರಿಥೇನ್, ಒಳಗೆ ಭಾರವಾದ ಸ್ಟೀಲ್ ತೊಲೆ. ಎತ್ತರದ ರೂಲ್ಸಿಗೆ ಇಡೀ ಗಾಡಿಯನ್ನೇ ಒಂದೂವರೆ ಇಂಚು ಮೇಲೆ ಎತ್ತಿದ್ರು. ಸಾಲದ್ದಕ್ಕೆ ಓಪನ್ ಗಾಡಿ ವಾಲದ ಹಾಗೆ ತಡೆಯೋ ಆಂಟಿ ರೋಲ್ ಬಾರ್ ಅನ್ನೋ ಕಂಬಿಯನ್ನೂ ತೆಗೆದುಬಿಟ್ರು, ತಿರುವಲ್ಲಿ ಗಾಡಿ ವಾಲೋಕೆ ಶುರುವಾಯ್ತು, 1976ರಲ್ಲಿ ಹಿಂದೆ ಮುಂದೆ ಎರಡೂ ಕಡೆ ಹಾಕಿ ಸರಿ ಮಾಡಿದ್ರು. ಹಾಗಾಗಿ ರಬ್ಬರ್ ಗಾಡಿ ಅಂತ ಒಂದೇ ಏಟಿಗೆ ಬೈಯೋದು ತಪ್ಪು, 1976ರ ಮುಂಚಿನದ್ದಾ ಆಮೇಲಿನದ್ದಾ ಅಂತ ಕೇಳ್ಬೇಕು.

ಮಧ್ಯದಲ್ಲಿ ಒಂದು ಮಾತು, ಹೊರಗಿಂದ ಏನೂ ಗೊತ್ತಾಗದ ಗಾಡಿ ಅಂದ್ರೆ ಜಿಟಿ ವಿ8. 1973ರಿಂದ 1976ರ ತನಕ 2,591 ಮಾತ್ರ ಮಾಡಿದ್ದು, ಒಳಗೆ ರೋವರ್‌ನ ಮೂರೂವರೆ ಲೀಟರ್ ಎಂಜಿನ್, ಹೊರಗೆ ನೋಡಿದ್ರೆ ವಿ8 ಅನ್ನೋ ಪುಟ್ಟ ಬ್ಯಾಡ್ಜು, ಕ್ರೋಮ್ ಅಂಚಿನ ಅಲಾಯ್ ನಡುವಿನ ವೀಲು, ಅಷ್ಟೇ. ಅಷ್ಟು ದೊಡ್ಡ ಎಂಜಿನ್ ಹಾಕಿ ಬಾನೆಟ್ ಉಬ್ಬಿಸದೇ ಬಿಟ್ಟಿದ್ದಾರಲ್ಲಾ, ಆ ಸಂಕೋಚ ನಂಗೆ ಬಹಳ ಇಷ್ಟ.

ಸರಿ, ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಕೊಡಗಲ್ಲಿ ಜೂನಿಂದ ಶುರುವಾಗಿ ಕಕ್ಕಡ ಮಾಸ ಮುಗಿಯೋ ತನಕ, ಅಂದ್ರೆ ಆಗಸ್ಟ್ ಮಧ್ಯದ ತನಕ, ಬಟ್ಟೆನೇ ಒಣಗಲ್ಲ, ಬೆಲ್ಟು ಚಪ್ಪಲಿಗೆಲ್ಲಾ ಬೂಷ್ಟು ಹಿಡಿಯುತ್ತೆ, ಇನ್ನು ಐವತ್ತು ವರ್ಷದ ಕ್ರೋಮಿನ ಗತಿ ಏನು. ಬಂಪರ್ ಅನ್ನೋದು ಸ್ಟೀಲು, ಮೇಲೆ ನಿಕ್ಕಲ್, ಅದರ ಮೇಲೆ ತೆಳ್ಳಗೆ ಕ್ರೋಮ್, ಕ್ರೋಮಲ್ಲಿ ಸೂಜಿಮೊನೆಯಷ್ಟು ತೂತಾದ್ರೂ ನೀರು ಕೆಳಗಿಳಿದು ಒಳಗಿಂದ ತಿನ್ನುತ್ತೆ. ಸ್ಟೀಲ್ ಆದ್ರೆ ಪರ್ವಾಗಿಲ್ಲ, ಕೆರೆದು ಪಾಲಿಶ್ ಮಾಡಿ ಮತ್ತೆ ಪ್ಲೇಟಿಂಗ್ ಮಾಡಿಸ್ಬಹುದು, ಒಳ್ಳೇ ಪ್ಲೇಟಿಂಗಿಗೆ ಮೈಸೂರಿಗೋ ಬೆಂಗಳೂರಿಗೋ ಹೊತ್ಕೊಂಡು ಹೋಗ್ಬೇಕು ಅಷ್ಟೇ. ಕಷ್ಟ ಇರೋದು ಜಿಂಕ್ ಎರಕದ ಸಣ್ಣ ಸಾಮಾನುಗಳದ್ದು, ಅವಕ್ಕೆ ಒಳಗಿಂದಲೇ ಗುಳ್ಳೆ ಏಳುತ್ತೆ, ಪ್ಲೇಟಿಂಗ್ ಅಂಗಡಿಯೋರು ಕೈಗೆ ತಗೊಂಡು ನೋಡಿ ವಾಪಸ್ ಕೊಡ್ತಾರೆ, ಅಂಥದ್ದಕ್ಕೆ ಹೊಸದು ತರಿಸೋದೇ ವಾಸಿ. ಗ್ಲಾಸಿನ ಚೌಕಟ್ಟು ಕ್ರೋಮ್ ಅಲ್ಲ, ಆನೋಡೈಸ್ ಮಾಡಿದ ಅಲ್ಯೂಮಿನಿಯಂ, ಅದಕ್ಕೆ ಕ್ರೋಮ್ ಪಾಲಿಶ್ ಹಾಕಿ ಉಜ್ಜೋಕೆ ಹೋಗ್ಬೇಡಿ, ಪದರ ಹೋದ್ರೆ ಮಂಕಾಗುತ್ತೆ. ಪಕ್ಕದ ಉದ್ದ ಪಟ್ಟಿ ಇದೆಯಲ್ಲಾ, ಅದರ ಹಿಂದೆ ಕ್ಲಿಪ್ಪಿಗೆ ಅಂತ ಹೊಡೆದ ತೂತುಗಳಲ್ಲಿ ನೀರು ನಿಂತು ಬಾಗಿಲೇ ತಿಂದುಹೋಗುತ್ತೆ, ಪಟ್ಟಿ ಹೊಳೀತಿದೆ ಅಂತ ಮೋಸ ಹೋಗ್ಬಾರ್ದು, ಒಂದು ತುದಿ ಎಬ್ಬಿಸಿ ನೋಡ್ಬೇಕು.

ಇದೆಲ್ಲಾ ನೋಡಿದ್ರೆ ನನಗನ್ನಿಸೋದು, ನಮ್ಮ ಈ ಗುಡ್ಡಕ್ಕೆ ರಬ್ಬರ್ ಬಂಪರೇ ಸರಿ. ತುಕ್ಕು ಕಾಣಲ್ಲ, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ್ರೆ ಉಜ್ಜಿ ಕಪ್ಪು ಮಾಡ್ಬಹುದು. ಎಲ್ರೂ ಬೈಯೋ ಆ ಒಂದೂವರೆ ಇಂಚು ಇದೆಯಲ್ಲಾ, ತೋಟದ ಗೇಟಿಂದ ಮನೆ ತನಕ ಮಳೆ ಕಿತ್ತು ಹಾಕಿದ ದಾರಿಯಲ್ಲಿ ಅದು ವರ. ಕಾರಿನ ಚೆಂದ ನೋಡೋರು ಇಂಗ್ಲೆಂಡಿನ ಟಾರ್ ರೋಡಿನ ಲೆಕ್ಕ ಹೇಳ್ತಾರೆ, ನಾವು ಜೀಪು ಓಡಿಸೋ ದಾರಿಯಲ್ಲಿ ಇದನ್ನ ಓಡಿಸ್ಬೇಕು.

ಮಾರೋ ಯಜಮಾನರು ಒಳ್ಳೇ ಮನುಷ್ಯ, ಸುಳ್ಳು ಹೇಳೋ ಉದ್ದೇಶ ಇದ್ದ ಹಾಗೆ ಕಾಣ್ಲಿಲ್ಲ, ಅವರಿಗೆ ಮಾರಿದೋರು ಹೇಳಿದ್ದನ್ನೇ ಇವರು ಹೇಳ್ತಿದ್ರು. ವೆಲ್ಡಿಂಗ್ ಗೆರೆ ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಸ್ಟೋರಿನ ಅಟ್ಟದ ಮೇಲಿರೋ ಕಪ್ಪು ಬಂಪರ್ ಇದರದ್ದೇ ಇರ್ಬೇಕು, ನಾನು ಯಾವ್ದೋ ವ್ಯಾನಿಂದು ಅಂದ್ಕೊಂಡಿದ್ದೆ" ಅಂದ್ರು. ಹತ್ತಿ ನೋಡಿದ್ರೆ ಕಾಫಿ ಚೀಲದ ಹಿಂದೆ ಎರಡೂ ಇವೆ, ಮುಂದಿಂದು ಹಿಂದಿಂದು, ಇಂಡಿಕೇಟರ್ ಗ್ಲಾಸ್ ಸಮೇತ. ತಮ್ಮನಿಗೆ ಹೇಳಿದೆ, ಗಾಡಿ ಬಿಡ್ಬೇಡ, ಆದ್ರೆ 1974ರ ಆಮೇಲಿನ ಗಾಡಿ ಅಂತಾನೇ ರೇಟು ಮಾತಾಡು, ವೆಲ್ಡಿಂಗ್ ಕೆಲಸ ಬಿಚ್ಚಿ ಸರಿ ಮಾಡಿಸೋ ಖರ್ಚೂ ಅದರಲ್ಲೇ ಕಳಿ. ಅವನಿಗೆ ಮಾತ್ರ ಕ್ರೋಮೇ ಬೇಕಂತೆ, ಫೋಟೋ ಚೆನ್ನಾಗಿ ಬರುತ್ತಂತೆ. ಇಟ್ಕೊಳ್ಳಲಿ, ಅವನ ದುಡ್ಡು, ಅಟ್ಟದ ಮೇಲಿನ ಆ ಜೋಡಿ ಬಂಪರನ್ನ ಮಾತ್ರ ಗಾಡಿ ಜೊತೆಗೇ ಬರೆಸ್ಕೋ ಅಂತ ಹೇಳಿ ಬಂದಿದ್ದೀನಿ.